ಕೈ ಜಿಪಿಎಸ್ ರಿಪೇರಿ: ಬ್ಯಾಟರಿ ಸ್ಪ್ರಿಂಗಿನಿಂದ ಕಪ್ಪತಗುಡ್ಡದವರೆಗೆ

ಸಾಧನ: ಗಾರ್ಮಿನ್ ಇಟ್ರೆಕ್ಸ್ 20. 2011ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ. 2.2 ಇಂಚಿನ ಪರದೆ, ಎರಡು ಎಎ ಸೆಲ್, ಬೆನ್ನಿನ ಮೇಲೆ ರಬ್ಬರ್ ಮುಚ್ಚಳದ ಅಡಿಯಲ್ಲಿ ಮಿನಿ ಯುಎಸ್‌ಬಿ ಕಿಂಡಿ, ಸೆಲ್‌ಗಳನ್ನು ತೆಗೆದರೆ ಮೈಕ್ರೊ ಎಸ್‌ಡಿ ಕಾರ್ಡಿನ ಜಾಗ. ಸೋದರಮಾವ ಗುಡ್ಡ ತಿರುಗುತ್ತಿದ್ದ ಕಾಲದಲ್ಲಿ ಕೊಂಡದ್ದು. ಅವರು ನಡೆಯುವುದನ್ನು ಬಿಟ್ಟ ಮೇಲೆ ಅದು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಕೆಲವು ಬೇಸಿಗೆ ಕಳೆದು, ಕೊನೆಗೆ ಸೆಲ್ ಸಮೇತ ಕಪಾಟು ಸೇರಿತ್ತು.

ನನ್ನ ಕೈಗೆ ಬಂದಾಗಿನ ಸ್ಥಿತಿ: ಆನ್ ಆಗುವುದಿಲ್ಲ. ಅಂಚಿನ ರಬ್ಬರ್ ಪಟ್ಟಿ ಜೋತು ಬಿದ್ದಿದೆ. ನಡುವಿನ ಪುಟ್ಟ ಜಾಯ್‌ಸ್ಟಿಕ್ ಬಲಕ್ಕೆ ಒತ್ತಿದರೆ ಒಮ್ಮೊಮ್ಮೆ ಕೆಳಗೆ ಹೋಗುತ್ತದೆ (ಇದು ಆನ್ ಆದ ಮೇಲೆ ತಿಳಿದದ್ದು). ಒಳಗಿನ ಮೂಲ ನಕ್ಷೆಯಲ್ಲಿ ಹುಬ್ಬಳ್ಳಿ ಒಂದು ಚುಕ್ಕೆ, ಗದಗ ಇನ್ನೊಂದು ಚುಕ್ಕೆ, ನಡುವೆ ಒಂದು ಗೆರೆ.

ಬೇಕಾದದ್ದು ಎರಡು. ಬೈಕಿನಲ್ಲಿ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಒಳರಸ್ತೆ ಸುತ್ತುವಾಗ ಹ್ಯಾಂಡಲ್ ಮೇಲೆ ಕೂರಬೇಕು. ಗುಡ್ಡ ಹತ್ತುವಾಗ ಜೇಬಿಗೆ ಇಳಿಯಬೇಕು. ಖರ್ಚಿನ ಮಿತಿ ಎರಡು ಸಾವಿರ ರೂಪಾಯಿ. ಮೊಬೈಲ್ ಇರುವಾಗ ಇದೇಕೆ ಎಂದು ಮನೆಯಲ್ಲಿ ಎಲ್ಲರೂ ಕೇಳಿದರು. ಏಪ್ರಿಲ್ ಬಿಸಿಲಿನಲ್ಲಿ ಹ್ಯಾಂಡಲ್‌ಗೆ ಕಟ್ಟಿದ ಮೊಬೈಲ್ ಕಾದು ಕಾದು ಪರದೆಯನ್ನು ತಾನಾಗಿಯೇ ಮಂಕು ಮಾಡಿಕೊಳ್ಳುತ್ತದೆ, ಆಮೇಲೆ ಆರಿಯೇ ಹೋಗುತ್ತದೆ. ಇದರ ಪರದೆ ಬಿಸಿಲು ಏರಿದಷ್ಟೂ ಸ್ಪಷ್ಟವಾಗುತ್ತದೆ. ಸೆಲ್ ಮುಗಿದರೆ ಯಾವ ಹಳ್ಳಿಯ ಕಿರಾಣಿ ಅಂಗಡಿಯಲ್ಲಾದರೂ ಎರಡು ಸಿಗುತ್ತವೆ. ಇಷ್ಟು ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳಿಂದ ಈ ಕೆಲಸದಲ್ಲಿ ಒಂದು ತೊಂದರೆಯೂ ಬರಲಿಲ್ಲ. ಬಂದ ತೊಂದರೆಗಳೆಲ್ಲ ಸ್ಪ್ರಿಂಗು, ಅಂಟು, ಕೇಬಲ್ಲು ಮತ್ತು ನಕ್ಷೆಯವು.

ಹಂತ 1: ಸೆಲ್ ಇಡುವ ಕೋಣೆ

ಬೆನ್ನಿನ ಉಂಗುರ ತಿರುವಿ ಮುಚ್ಚಳ ತೆಗೆದಾಗ ಸೆಲ್‌ಗಳ ತುದಿಯಲ್ಲಿ ಬಿಳಿ ಹುಡಿ. ಆಲ್ಕಲೈನ್ ಸೆಲ್ ಸೋರಿದರೆ ಹೊರಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಗಾಳಿಗೆ ಒಣಗಿ ಬಿಳಿ ಪದರವಾಗುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡೇ ಮುಟ್ಟಬೇಕು.

ಮೊದಲು ಒಣ ಹಲ್ಲುಜ್ಜುವ ಬ್ರಷ್‌ನಿಂದ ಕೆರೆದೆ. ಹುಡಿ ನೇರವಾಗಿ ಕಾರ್ಡಿನ ಕಿಂಡಿಯ ಕಡೆಗೆ ಜಾರಿತು. ಅಲ್ಲಿಗೇ ನಿಲ್ಲಿಸಿ, ಸಾಧನವನ್ನು ತಲೆಕೆಳಗು ಹಿಡಿದು ಊದುಗೊಳವೆಯಿಂದ ಹುಡಿ ಹಾರಿಸಿ, ಕಿಂಡಿಯ ಮೇಲೆ ಕಾಗದದ ಟೇಪು ಅಂಟಿಸಿ ಮತ್ತೆ ಶುರುಮಾಡಬೇಕಾಯಿತು. ಟೇಪು ಮೊದಲು, ಬ್ರಷ್ ಆಮೇಲೆ.

ಬಿಳಿ ವಿನೆಗರ್‌ನಲ್ಲಿ ಅದ್ದಿ ಹಿಂಡಿದ ಹತ್ತಿ ಕಡ್ಡಿಯಿಂದ ಒರೆಸಿದರೆ ಹುಡಿ ಸಣ್ಣಗೆ ನೊರೆಗಟ್ಟಿ ಕರಗುತ್ತದೆ. ನೊರೆ ನಿಲ್ಲುವವರೆಗೆ ಕಡ್ಡಿ ಬದಲಿಸುತ್ತ ಹೋಗಬೇಕು. ನಂತರ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಎರಡು ಸಲ ಒರೆಸಿ ರಾತ್ರಿ ಪೂರ್ತಿ ಫ್ಯಾನಿನ ಕೆಳಗೆ ಒಣಗಿಸಿದೆ. ಉಳಿದ ಕಪ್ಪು ಕಲೆಯನ್ನು 1000 ನಂಬರಿನ ಸ್ಯಾಂಡ್ ಪೇಪರಿನ ಸಣ್ಣ ತುಂಡಿನಿಂದ ಹಗುರವಾಗಿ ತಿಕ್ಕಿದೆ. ಬಿರುಸಾಗಿ ತಿಕ್ಕಿದರೆ ನಿಕ್ಕಲ್ ಲೇಪ ಎದ್ದು, ಮುಂದಿನ ಮಳೆಗಾಲಕ್ಕೆ ತುಕ್ಕು ಗ್ಯಾರಂಟಿ.

ಮಲ್ಟಿಮೀಟರಿನ ಲೆಕ್ಕ: ಸ್ಪ್ರಿಂಗಿನ ತುದಿಯಿಂದ ಬುಡದ ತಗಡಿಗೆ ಮೊದಲು 6 ಓಮ್ ಸುತ್ತ ಓಲಾಡುತ್ತಿತ್ತು. ತೊಳೆದ ಮೇಲೆ 0.3 ಓಮ್, ಅದು ಮೀಟರಿನ ವೈರುಗಳದೇ ಪ್ರತಿರೋಧ. ಆರು ಓಮ್ ಎಂದರೆ ಸಣ್ಣದಲ್ಲ. ನೂರು ಮಿಲಿ ಆಂಪಿಯರ್ ಹರಿದರೂ 0.6 ವೋಲ್ಟ್ ಅಲ್ಲಿಯೇ ಕಳೆದುಹೋಗುತ್ತದೆ, ಹೊಸ ಸೆಲ್ ಹಾಕಿದರೂ ಸಾಧನಕ್ಕೆ ಅದು ಮುದಿ ಸೆಲ್ಲಾಗಿಯೇ ಕಾಣುತ್ತದೆ.

ಹೊಸ ಸೆಲ್ ಹಾಕಿದ ಕೂಡಲೇ ಪರದೆ ಬೆಳಗಿತು. ಆದರೆ ಅಂಗೈಗೆ ತಟ್ಟಿದರೆ ಆರುತ್ತಿತ್ತು. ಒಂದು ಸ್ಪ್ರಿಂಗು ಕುಗ್ಗಿಹೋಗಿತ್ತು. ಅಲ್ಯೂಮಿನಿಯಂ ಹಾಳೆಯನ್ನು ಮಡಚಿ ಸ್ಪ್ರಿಂಗಿನ ಬಳಿ ತುರುಕುವ ಹಳೆಯ ಉಪಾಯ ಮೇಜಿನ ಮೇಲೆ ಚೆನ್ನಾಗಿ ನಡೆಯಿತು; ಬೈಕಿನ ಮೇಲೆ ಹುಬ್ಬಳ್ಳಿಯ ಉಣಕಲ್ ಕೆರೆ ದಾಟುವುದರೊಳಗೆ ಹಾಳೆ ಚೂರುಚೂರಾಗಿತ್ತು. ಆ ಚೂರು ಎರಡು ತಗಡುಗಳ ನಡುವೆ ಬಿದ್ದರೆ ಶಾರ್ಟ್ ಆಗುತ್ತದೆ, ಆದ್ದರಿಂದ ಆ ದಾರಿ ಬೇಡ. ನೋಸ್ ಪ್ಲೈಯರಿನಿಂದ ಸ್ಪ್ರಿಂಗನ್ನು ಸುಮಾರು 2 ಮಿ.ಮೀ. ಹೊರಗೆಳೆದೆ, ಪ್ರತಿ ಸೆಲ್ಲಿಗೆ ಒಂದು ಸುತ್ತು ದಪ್ಪ ಕಾಗದ ಸುತ್ತಿ ಅಲುಗಾಟ ತೆಗೆದೆ, ಮುಚ್ಚಳದ ಒಳಮೈಗೆ 2 ಮಿ.ಮೀ. ಫೋಮ್ ತುಂಡು ಅಂಟಿಸಿದೆ. ಈಗ ತಟ್ಟಿದರೂ ಆರುವುದಿಲ್ಲ.

ಸೆಲ್‌ಗಳು 2000 ಮಿಲಿ ಆಂಪಿಯರ್ ಅವರ್‌ನ ಚಾರ್ಜ್ ಮಾಡುವ ನಿಕ್ಕಲ್ ಮೆಟಲ್ ಹೈಡ್ರೈಡ್. ಇವು 1.2 ವೋಲ್ಟ್‌ನವು, ಆದ್ದರಿಂದ ಸೆಟಪ್‌ನ ಸಿಸ್ಟಮ್ ಪುಟದಲ್ಲಿ ಬ್ಯಾಟರಿ ಬಗೆಯನ್ನು ಬದಲಿಸಲೇಬೇಕು. ಇಲ್ಲವಾದರೆ ತುಂಬಿದ ಸೆಲ್ಲನ್ನೂ ಅರ್ಧ ಖಾಲಿ ಎಂದು ತೋರಿಸುತ್ತದೆ. ಕಂಪನಿ ಹೇಳುವ ಬಾಳಿಕೆ 25 ಗಂಟೆ. ರಷ್ಯಾದ ಉಪಗ್ರಹ ವ್ಯವಸ್ಥೆಯಾದ ಗ್ಲೋನಾಸ್ ಕೂಡ ಚಾಲೂ ಇಟ್ಟು, ಹಿಂಬೆಳಕು ಆಗಾಗ ಹಚ್ಚಿ ಬಳಸಿದರೆ ಅಷ್ಟು ಬರುವುದಿಲ್ಲ; ಆದರೂ ಒಂದು ಇಡೀ ಹಗಲು ನಡೆದು ಮರುದಿನ ಮಧ್ಯಾಹ್ನದವರೆಗೆ ಬರುತ್ತದೆ.

ಹಂತ 2: ರಬ್ಬರ್ ಪಟ್ಟಿ

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ತಿಂದದ್ದು ಇದೇ. ಪಟ್ಟಿ ಸಾಧನದ ಅಂಚನ್ನು ಸುತ್ತುವರಿದು ಪಕ್ಕದ ಗುಂಡಿಗಳನ್ನೂ ಮುಚ್ಚುತ್ತದೆ. ಅಂಟು ಡ್ಯಾಶ್‌ಬೋರ್ಡಿನ ಕಾವಿಗೆ ಕರಗಿ ಡಾಂಬರಿನಂತೆ ಆಗಿತ್ತು. ಪಟ್ಟಿ ಸರಿದರೆ ಒತ್ತುವ ಜಾಗವೂ ಸರಿಯುತ್ತದೆ. ಜೂಮ್ ಮಾಡಹೋದರೆ ಮೆನು ತೆರೆಯುತ್ತದೆ.

ಹಳೆಯ ಅಂಟು ತೆಗೆಯಲು ಪೆಟ್ರೋಲ್ ಬೇಡ. ರಬ್ಬರ್ ಉಬ್ಬುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆಯ ಎಟಿಎಂ ಕಾರ್ಡಿನ ಅಂಚು, ಒಂದು ಸಂಜೆಯ ಸಮಯ, ಇವಿಷ್ಟೇ ಉಪಾಯ.

ಅಂಟಿಸಲು ಮಾಡಿದ ಪ್ರಯತ್ನಗಳು ಹೀಗೆ. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ: ಹಿಡಿಯಿತು, ಆದರೆ ಗಾಜಿನಂತೆ ಗಟ್ಟಿಯಾಗಿ ಮೂಲೆಗಳಲ್ಲಿ ಬಿರುಕುಬಿಟ್ಟಿತು. ಅದರ ಆವಿ ಕೂತು ಪಕ್ಕದ ಪ್ಲಾಸ್ಟಿಕ್ ಮೇಲೆ ಬಿಳಿ ಮಬ್ಬು ಬಂತು. ಪರದೆಯನ್ನು ಟೇಪಿನಿಂದ ಮುಚ್ಚಿದ್ದರಿಂದ ಅದು ಉಳಿಯಿತು. ಚಪ್ಪಲಿ ಅಂಟು: ದುರ್ಗದಬೈಲಿನಿಂದ ಸಣ್ಣ ಡಬ್ಬಿ ತಂದು, ಪ್ಲಾಸ್ಟಿಕ್ಕಿಗೆ ಏನಾಗುತ್ತದೆ ಎಂದು ಮುಚ್ಚಳದ ಒಳಮೈಯಲ್ಲಿ ಪರೀಕ್ಷಿಸಿ ಹಚ್ಚಿದೆ. ಹಿಡಿತ ಚೆನ್ನಾಗಿತ್ತು, ಆದರೆ ಪಟ್ಟಿಯೇ ಕಾವಿಗೆ ಹಿಗ್ಗಿ ಸುತ್ತಳತೆಗಿಂತ 4 ಮಿ.ಮೀ. ಉದ್ದವಾಗಿತ್ತು, ಎಲ್ಲಿಂದ ಅಂಟಿಸುತ್ತ ಬಂದರೂ ಕೊನೆಯಲ್ಲಿ ಒಂದು ಗುಬ್ಬಟೆ ಏಳುತ್ತಿತ್ತು. ಒತ್ತಿ ಕೂರಿಸಿದರೆ ಮರುದಿನ ಇನ್ನೊಂದು ಕಡೆ ಏಳುತ್ತಿತ್ತು.

ಕೊನೆಗೆ ಗುಂಡಿಗಳಿಲ್ಲದ ಕೆಳ ಅಂಚಿನಲ್ಲಿ ಹೊಸ ಬ್ಲೇಡಿನಿಂದ 4 ಮಿ.ಮೀ. ಕತ್ತರಿಸಿ ತೆಗೆದೆ. ಅಂಟಿಸಿದ್ದು ಮೊಬೈಲ್ ರಿಪೇರಿಯವರು ಪರದೆಗೆ ಬಳಸುವ ತೆಳು ಎರಡುಬದಿ ಟೇಪಿನಿಂದ. ಮೊದಲು ಗುಂಡಿಗಳ ಜಾಗ ಹೊಂದಿಸಿ, ಅಲ್ಲಿಂದ ಎರಡೂ ದಿಕ್ಕಿಗೆ ಅಂಟಿಸುತ್ತ ಬಂದು ಕೆಳಗೆ ಕೂಡಿಸಬೇಕು. ಗುಂಡಿಗಳ ನೇರಕ್ಕೆ ಟೇಪು ಬರಬಾರದು, ಬಂದರೆ ಒತ್ತಿದ ಗುಂಡಿ ಮೇಲೇಳುವುದಿಲ್ಲ. ಕೂಡಿದ ಜಾಗದಲ್ಲಿ ಕೂದಲೆಳೆಯಷ್ಟು ಸಂದು ಇದೆ, ಇರಲಿ.

ಹೊಸದಾಗಿದ್ದಾಗ ಇದಕ್ಕೆ ಐಪಿಎಕ್ಸ್7 ದರ್ಜೆ ಇತ್ತು: 1 ಮೀಟರ್ ನೀರಿನಲ್ಲಿ 30 ನಿಮಿಷ. ಈ ರಿಪೇರಿಯ ನಂತರ ಆ ಮಾತನ್ನು ನಾನು ನಂಬುವುದಿಲ್ಲ, ಬಕೆಟ್ಟಿನಲ್ಲಿ ಮುಳುಗಿಸಿ ನೋಡುವ ಧೈರ್ಯವೂ ಇಲ್ಲ. ಮಳೆಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ.

ಹಂತ 3: ತಾರಸಿ

ವರ್ಷಗಟ್ಟಲೆ ಮಲಗಿದ್ದ ಸಾಧನಕ್ಕೆ ಉಪಗ್ರಹಗಳ ಹಳೆಯ ಪಟ್ಟಿ ಉಪಯೋಗಕ್ಕೆ ಬರುವುದಿಲ್ಲ. ಪೂರ್ತಿ ಪಟ್ಟಿ ಆಕಾಶದಿಂದ ಇಳಿಯಲು 12.5 ನಿಮಿಷ ಬೇಕು. ವಿದ್ಯಾನಗರದ ಮನೆಯ ತಾರಸಿಯ ಮೇಲೆ ಅರ್ಧ ಗಂಟೆ ಅಲುಗಾಡಿಸದೆ ಇಟ್ಟೆ. ಆಮೇಲಿನಿಂದ ಪ್ರತಿ ಸಲ ಒಂದು ನಿಮಿಷದೊಳಗೆ ಸ್ಥಾನ ಹಿಡಿಯುತ್ತಿದೆ.

ಉಪಗ್ರಹ ಪುಟದಲ್ಲಿ 65ರಿಂದ ಮೇಲಿನ ಅಂಕಿಗಳು ರಷ್ಯಾದ ಗ್ಲೋನಾಸ್‌ನವು. 40ರ ಆಸುಪಾಸಿನ ಅಂಕಿ ಕಂಡರೆ ಅದು ನಮ್ಮ ಗಗನ್. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ವಿಮಾನಗಳಿಗಾಗಿ ಕಟ್ಟಿದ ತಿದ್ದುಪಡಿ ವ್ಯವಸ್ಥೆ. ಗಗನ್‌ನ 127, 128 ಎಂಬ ಸಂಕೇತ ಸಂಖ್ಯೆಗಳಿಂದ 87 ಕಳೆದು ಸಾಧನ 40, 41 ಎಂದು ತೋರಿಸುತ್ತದೆ. ಸೆಟಪ್‌ನಲ್ಲಿ ಇಂಥ ತಿದ್ದುಪಡಿಯನ್ನು ಬಳಸುವ ವಾಸ್ ಎಂಬ ಆಯ್ಕೆ ಚಾಲೂ ಇರಬೇಕು.

ತಾರಸಿಯ ಒಂದೇ ಮೂಲೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ಗುರುತಿಸಿ ನೋಡಿದರೆ ಚುಕ್ಕೆಗಳು ಸುಮಾರು 5 ಮೀಟರ್ ಅಗಲದಲ್ಲಿ ಚೆದುರಿದವು. ಪರದೆ ಆಗ 3 ಮೀಟರ್ ಎನ್ನುತ್ತಿತ್ತು. ಅದು ಸಾಧನದ ಅಂದಾಜು, ಮುಚ್ಚಳಿಕೆ ಅಲ್ಲ. ಎತ್ತರದ ಅಂಕಿಯಂತೂ ಇನ್ನೂ ಹೆಚ್ಚು ಕುಣಿಯುತ್ತದೆ. ಈ ಮಾದರಿಯಲ್ಲಿ ವಾಯುಭಾರ ಮಾಪಕವಿಲ್ಲ, ಅದಕ್ಕೆ ಇಟ್ರೆಕ್ಸ್ 30 ಬೇಕು.

ಇಲ್ಲಿಯೇ ಒಂದು ಎಚ್ಚರಿಕೆ. ಮೊಬೈಲ್ ನಕ್ಷೆಯಿಂದ ಸಿಗುವ ಅಂಕಿ ದಶಮಾಂಶ ಡಿಗ್ರಿಯಲ್ಲಿರುತ್ತದೆ. ಈ ಸಾಧನ ಮೊದಲಿನಿಂದ ಡಿಗ್ರಿ ಮತ್ತು ನಿಮಿಷದಲ್ಲಿ ಕೇಳುತ್ತದೆ. ಧಾರವಾಡ ಸುಮಾರು 15.46 ಡಿಗ್ರಿ ಉತ್ತರದಲ್ಲಿದೆ, ಅಂದರೆ 15 ಡಿಗ್ರಿ 27.6 ನಿಮಿಷ. ಅದನ್ನೇ 15 ಡಿಗ್ರಿ 46 ನಿಮಿಷ ಎಂದು ಒತ್ತಿದರೆ ಗುರುತು 34 ಕಿ.ಮೀ. ಉತ್ತರಕ್ಕೆ, ಸವದತ್ತಿಯ ಕಡೆಯ ಹೊಲಗಳಿಗೆ ಜಿಗಿಯುತ್ತದೆ. ಸಾಧನ ಚಕಾರ ಎತ್ತುವುದಿಲ್ಲ. ಮೊದಲ ದಿನವೇ ಸ್ಥಾನದ ಮಾದರಿಯನ್ನು ದಶಮಾಂಶ ಡಿಗ್ರಿಗೆ ಬದಲಿಸಿಬಿಡುವುದು ಒಳ್ಳೆಯದು.

ಹಂತ 4: ನಕ್ಷೆ

ದುಡ್ಡು ಕೊಟ್ಟು ನಕ್ಷೆ ಕೊಳ್ಳುವ ಯೋಚನೆ ಇರಲಿಲ್ಲ. ಯಾರು ಬೇಕಾದರೂ ತಿದ್ದಬಹುದಾದ ಉಚಿತ ನಕ್ಷೆ ಓಪನ್ ಸ್ಟ್ರೀಟ್ ಮ್ಯಾಪ್‌ನ ದತ್ತಾಂಶದಿಂದ ನಾನೇ ಕಟ್ಟಿಕೊಂಡೆ. ಜಿಯೋಫ್ಯಾಬ್ರಿಕ್ ತಾಣದಲ್ಲಿ ಭಾರತದ ದಕ್ಷಿಣ ವಲಯದ ಕಡತ ಸಿಗುತ್ತದೆ. ಆಸ್ಮಿಯಂ ಎಂಬ ಉಪಕರಣದಿಂದ ಅದರಲ್ಲಿ ಪೂರ್ವ ರೇಖಾಂಶ 74.7ರಿಂದ 76.1, ಉತ್ತರ ಅಕ್ಷಾಂಶ 14.4ರಿಂದ 15.8ರ ಚೌಕವನ್ನು ಕತ್ತರಿಸಿದೆ. ಮೂರು ಜಿಲ್ಲೆಗಳ ಬಹುಭಾಗ ಇದರೊಳಗೆ ಬರುತ್ತದೆ. ನಂತರ ಸ್ಪ್ಲಿಟರ್‌ನಿಂದ ತುಂಡು ಮಾಡಿ, ಎಂಕೆಜಿಮ್ಯಾಪ್‌ನಿಂದ ಸಾಧನಕ್ಕೆ ತಿಳಿಯುವ ಐಎಂಜಿ ಕಡತವಾಗಿ ಬದಲಿಸುವುದು. ಎರಡೂ ಜಾವಾ ಇದ್ದರೆ ಸಾಕು, ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತವೆ.

ಮೊದಲ ನಕ್ಷೆ ನೋಡಲು ಸುಂದರ, ದಾರಿ ಕೇಳಿದರೆ ಮೂಕ. ರೂಟ್ ಎಂಬ ಆಯ್ಕೆಯನ್ನು ಕೊಟ್ಟಿರಲಿಲ್ಲ. ಅದಿಲ್ಲದೆ ರಸ್ತೆಗಳು ಬರೀ ಬಣ್ಣದ ಗೆರೆಗಳು. ಎರಡನೆಯದು ದಾರಿ ತೋರಿಸಿತು, ಊರು ಹುಡುಕಲು ಬಿಡಲಿಲ್ಲ. ಇಂಡೆಕ್ಸ್ ಆಯ್ಕೆ ಬೇಕಿತ್ತು. ಮೂರನೆಯದರಲ್ಲಿ ಹೆಸರುಗಳ ತಕರಾರು. ಸಾಧನಕ್ಕೆ ಕನ್ನಡ ಲಿಪಿ ಬರುವುದಿಲ್ಲ, ಕನ್ನಡದಲ್ಲಿ ಹೆಸರು ನಮೂದಾಗಿದ್ದ ಹಳ್ಳಿಗಳು ಓದಲಾಗದ ರೋಮನ್ ಅಕ್ಷರಗಳ ಮುದ್ದೆಯಾಗಿ ಬಂದವು. ಇಂಗ್ಲಿಷ್ ಹೆಸರಿನ ಟ್ಯಾಗ್ ಇದ್ದರೆ ಅದನ್ನೇ ಮೊದಲು ತೆಗೆದುಕೊ ಎಂದು ಹೆಸರಿನ ಕ್ರಮ ಕೊಟ್ಟ ಮೇಲೆ ಸರಿಯಾಯಿತು. ಕನ್ನಡ ನಾಡಿನ ಊರಿನ ಹೆಸರನ್ನು ಕನ್ನಡದಲ್ಲಿ ಓದಲಾಗದ ಯಂತ್ರವನ್ನು ಇಷ್ಟು ಮುದ್ದು ಮಾಡಬೇಕೆ ಎಂದು ಒಮ್ಮೆ ಅನ್ನಿಸಿತು, ನಿಜ.

ಗುಡ್ಡಕ್ಕೆ ಎತ್ತರದ ಸಮರೇಖೆಗಳು ಬೇಕು. ಅವು ಮೂಲ ದತ್ತಾಂಶದಲ್ಲಿ ಇರುವುದಿಲ್ಲ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದ ಎಸ್‌ಆರ್‌ಟಿಎಂ ಎತ್ತರಗಳಿಂದ ರೇಖೆ ತೆಗೆಯುವ ಉಚಿತ ಉಪಕರಣಗಳಿವೆ. 10 ಮೀಟರ್ ಅಂತರದಲ್ಲಿ ತೆಗೆದಾಗ ಗದಗ ಜಿಲ್ಲೆಯ ಕಪ್ಪತಗುಡ್ಡದ ಇಳಿಜಾರಿನಲ್ಲಿ ಪರದೆ ಪೂರ್ತಿ ಕಂದು, ಜೊತೆಗೆ ನಕ್ಷೆ ಸರಿಸಿದಾಗಲೆಲ್ಲ ಮರಳು ಗಡಿಯಾರ. ಅಂತರವನ್ನು 20 ಮೀಟರಿಗೆ ಏರಿಸಿ, ಸಮರೇಖೆಗಳನ್ನು ಪ್ರತ್ಯೇಕ ಕಡತವಾಗಿಸಿ ಕಾರ್ಡಿಗೆ ಹಾಕಿದೆ. ಬೈಕ್ ಮೇಲೆ ಅದನ್ನು ಆರಿಸಿಡುತ್ತೇನೆ, ನಡೆಯುವಾಗ ಹಚ್ಚುತ್ತೇನೆ. ಕಡತಗಳು ಕಾರ್ಡಿನ ಗಾರ್ಮಿನ್ ಎಂಬ ಫೋಲ್ಡರಿನಲ್ಲಿರಬೇಕು, ಕಾರ್ಡು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು.

ಹಂತ 5: ಹ್ಯಾಂಡಲ್ ಮೇಲೆ

ಹ್ಯಾಂಡಲ್ ಕೊಳವೆಯ ವ್ಯಾಸ 22 ಮಿ.ಮೀ. ಮೊದಲು ಬರೀ ಕೇಬಲ್ ಟೈ ಬಿಗಿದೆ. ಸಾಧನ ನಿಧಾನವಾಗಿ ತಿರುಗಿ ಪೆಟ್ರೋಲ್ ಟ್ಯಾಂಕಿಗೆ ಮುಖ ಮಾಡಿ ಕೂತಿತು. ನಂತರ 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪ, 110 ಮಿ.ಮೀ. ಉದ್ದದ ಅಲ್ಯೂಮಿನಿಯಂ ಪಟ್ಟಿಯನ್ನು ಎರಡು ಕ್ಲಾಂಪಿನಿಂದ ನೇರವಾಗಿ ಕೊಳವೆಗೆ ಬಿಗಿದೆ. ಗಟ್ಟಿಯಾಗಿತ್ತು, ಅತಿ ಗಟ್ಟಿ. ಪ್ರತಿ ರಸ್ತೆ ಉಬ್ಬಿಗೂ ಸೆಲ್ ನೆಗೆದು ಸಾಧನ ಆರುತ್ತಿತ್ತು.

ಪಟ್ಟಿಗೆ ರಂಧ್ರ ಕೊರೆಸಲು ಗೋಕುಲ ರಸ್ತೆಯ ಕಡೆಯ ಲೇತ್ ಅಂಗಡಿಗೆ ಹೋಗಿದ್ದಾಗ ಅಲ್ಲಿನ ಹಿರಿಯರು ಪಟ್ಟಿಯನ್ನು ತಿರುಗಿಸಿ ನೋಡಿ ನಕ್ಕರು.

"ತಮ್ಮಾ, ಎಂಜಿನ್ನಿನ ನಡುಕವನ್ನೆಲ್ಲ ನೀನೇ ಕೈಹಿಡಿದು ಒಳಗೆ ಕರೆದುಕೊಂಡು ಹೋಗುತ್ತಿದ್ದೀಯಲ್ಲ?"

"ಹಾಗಾದರೆ ಏನು ಮಾಡಬೇಕು ಕಾಕಾ?"

"ಲೋಹಕ್ಕೆ ಲೋಹ ತಾಗಬಾರದು. ಕೆಳಗೂ ರಬ್ಬರ್, ಬೋಲ್ಟಿನ ತಲೆಯ ಅಡಿಗೂ ರಬ್ಬರ್."

ಹಾಗೆಯೇ ಮಾಡಿದ್ದು: ಕೊಳವೆಗೆ ಸೈಕಲ್ ಟ್ಯೂಬಿನ ಎರಡು ಸುತ್ತು, ಪಟ್ಟಿ ಮತ್ತು ಸಾಧನದ ಹಿಡಿಕೆಯ ನಡುವೆ 6 ಮಿ.ಮೀ. ರಬ್ಬರ್ ಗ್ರೊಮೆಟ್ (ರಂಧ್ರಕ್ಕೆ ಕೂರುವ ಬಳೆ), 5 ಮಿ.ಮೀ. ಬೋಲ್ಟಿಗೆ ನೈಲಾನ್ ಲಾಕ್ ನಟ್. ನಟ್ಟನ್ನು ರಬ್ಬರ್ ತುಸು ಉಬ್ಬುವಷ್ಟು ಮಾತ್ರ ಬಿಗಿಯಬೇಕು. ಆರುವುದು ಬಹುಮಟ್ಟಿಗೆ ನಿಂತಿತು. ಸಾಧನದ ಕೊರಳಿನ ದಾರವನ್ನು ಬ್ರೇಕ್ ಕೇಬಲ್ಲಿಗೆ ತಾಗದಂತೆ ಕನ್ನಡಿಯ ಕಂಬಕ್ಕೆ ಕಟ್ಟುತ್ತೇನೆ. ಹಿಡಿಕೆ ಕೈಕೊಟ್ಟರೂ ಸಾಧನ ಹೆದ್ದಾರಿಯ ಪಾಲಾಗುವುದಿಲ್ಲ.

ಹಂತ 6: ಹೊರಗಿನ ವಿದ್ಯುತ್

ಎಲ್‌ಎಂ2596 ಮಾಡ್ಯೂಲ್ ಒಂದು, 12 ವೋಲ್ಟನ್ನು 5ಕ್ಕೆ ಇಳಿಸಲು. ಇದರ ಹೊರವೋಲ್ಟೇಜನ್ನು ಸಣ್ಣ ತಿರುಪಿನಿಂದ ಹೊಂದಿಸಬೇಕು. ಅಂಗಡಿಯಿಂದ ಬಂದಾಗ ನನ್ನದು 11 ವೋಲ್ಟಿಗಿಂತ ಹೆಚ್ಚು ತೋರಿಸುತ್ತಿತ್ತು. ಮೀಟರ್ ಹಿಡಿಯದೆ ನೇರವಾಗಿ ಜೋಡಿಸಿದ್ದರೆ ಹಂತ 1ರಿಂದ 5ರವರೆಗಿನ ಶ್ರಮ ಹೊಗೆಯಾಗುತ್ತಿತ್ತು. 5.1 ವೋಲ್ಟಿಗೆ ಹೊಂದಿಸಿ, ತಿರುಪು ನಡುಕಕ್ಕೆ ಸರಿಯದಂತೆ ಉಗುರುಬಣ್ಣದ ಹನಿ ಹಾಕಿದೆ. ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ ಹಾರ್ನ್ ವೈರಿನಿಂದ 1 ಆಂಪಿಯರ್ ಫ್ಯೂಸ್ ದಾಟಿಸಿ ತಂದೆ.

ಮಾಡ್ಯೂಲನ್ನು ಮೊದಲು ಸಾಧನದ ಕೆಳಗೇ ಕಟ್ಟಿದ್ದೆ. ಉಪಗ್ರಹ ಪುಟದ ಕಂಬಗಳೆಲ್ಲ ಗಿಡ್ಡವಾದವು. ಅರ್ಧ ಮೀಟರ್ ದೂರ ಸರಿಸಿದ ಮೇಲೆ ಮತ್ತೆ ಎದ್ದವು.

ಇನ್ನೊಂದು ಕಿರಿಕಿರಿ: ಯುಎಸ್‌ಬಿ ಚುಚ್ಚಿದ ಕೂಡಲೇ ಸಾಧನ ತನ್ನನ್ನು ಕಂಪ್ಯೂಟರಿಗೆ ಜೋಡಿಸಿದ್ದಾರೆ ಎಂದುಕೊಂಡು ನಕ್ಷೆ ಮುಚ್ಚಿ ಪೆನ್ ಡ್ರೈವ್ ಆಗಿಬಿಡುತ್ತದೆ. ಸೆಟಪ್, ಸಿಸ್ಟಮ್, ಇಂಟರ್‌ಫೇಸ್‌ಗೆ ಹೋಗಿ ಗಾರ್ಮಿನ್ ಸ್ಪ್ಯಾನರ್ ಎಂಬುದನ್ನು ಆರಿಸಿದರೆ, ಚುಚ್ಚಿದಾಗ ಹೌದೋ ಅಲ್ಲವೋ ಎಂದು ಕೇಳುತ್ತದೆ. ಅಲ್ಲ ಎಂದರೆ ನಕ್ಷೆ ಉಳಿಯುತ್ತದೆ. ಹೊರಗಿನ ವಿದ್ಯುತ್ ಒಳಗಿನ ಸೆಲ್ಲನ್ನು ಚಾರ್ಜ್ ಮಾಡುವುದಿಲ್ಲ, ಆ ಆಸೆ ಬೇಡ. ಸೆಲ್ಲೇ ಒಂದು ದಿನ ಬಾಳುವಾಗ ಇಷ್ಟೆಲ್ಲ ವೈರಿಂಗ್ ಏಕೆ ಎಂದರೆ, ಕೆಟ್ಟ ರಸ್ತೆಯಲ್ಲಿ ಸೆಲ್ ನೆಗೆದರೂ ಸಾಧನ ಆರುವುದಿಲ್ಲ ಎಂಬುದಷ್ಟೇ ಲಾಭ. ಗದಗ ಹೆದ್ದಾರಿಗೆ ಬೇಡ, ಹೊಲದ ದಾರಿಗೆ ಬೇಕು.

ಹಂತ 7: ರಸ್ತೆ ಪರೀಕ್ಷೆ, ಎರೆಯ ಪಾಠ

ಹುಬ್ಬಳ್ಳಿಯಿಂದ ಅಣ್ಣಿಗೇರಿ ಮೇಲೆ ಗದಗಿಗೆ ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ. ತಿರುವಿಗೆ ಮುನ್ನ ಬೀಪ್ ಎನ್ನುತ್ತದೆ, ಮಾತನಾಡುವುದಿಲ್ಲ. ಹೆಲ್ಮೆಟ್ಟಿನೊಳಗೆ ಬೀಪ್ ಕೇಳಿಸುವುದಿಲ್ಲ. ಆಗಾಗ ಪರದೆ ನೋಡಬೇಕು, ಮೂಕ ಸಂಗಾತಿ ಎಂದುಕೊಂಡರೆ ಆಯಿತು.

ಪಾಠವಾದದ್ದು ವಾಪಸು ಬರುವಾಗ, ಅಣ್ಣಿಗೇರಿಯ ಆಸುಪಾಸಿನಲ್ಲಿ. ದಾರಿಯ ಲೆಕ್ಕ ಕಡಿಮೆ ದೂರ ಎಂದು ಇತ್ತು. ಸಾಧನ ಹೆದ್ದಾರಿ ಬಿಡಿಸಿ ಚಕ್ಕಡಿ ದಾರಿಗೆ ಇಳಿಸಿತು. ಹಿಂದಿನ ರಾತ್ರಿ ಮಳೆಯಾಗಿತ್ತು. ಎರೆ (ಕಪ್ಪು) ಮಣ್ಣನ್ನು ಕಂಡವರಿಗೆ ಮುಂದಿನದನ್ನು ಹೇಳಬೇಕಿಲ್ಲ: ಟೈರಿಗೆ ಅಂಟಿದ ಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಮುಂದಿನ ಚಕ್ರ ತಿರುಗುವುದನ್ನೇ ನಿಲ್ಲಿಸಿತು. ಕಡ್ಡಿಯಿಂದ ಕೆತ್ತಿ ತೆಗೆದು ಹತ್ತು ಹೆಜ್ಜೆ ತಳ್ಳಿದರೆ ಮತ್ತೆ ತುಂಬುತ್ತದೆ. ಮಸಾರಿ (ಕೆಂಪು ಮಣ್ಣಿನ) ನೆಲವಾಗಿದ್ದರೆ ಅದೇ ಮಳೆಯಲ್ಲಿ ಹಾಯಾಗಿ ದಾಟಬಹುದಿತ್ತು. ನಕ್ಷೆಗೆ ಎರೆ ಯಾವುದು, ಮಸಾರಿ ಯಾವುದು ಎಂದು ಗೊತ್ತಿಲ್ಲ.

ಸಂಜೆ ಕೂತು ಮಾಡಿದ್ದು: ಲೆಕ್ಕವನ್ನು ಕಡಿಮೆ ಸಮಯಕ್ಕೆ ಬದಲಿಸಿದೆ. ತಪ್ಪಿಸಬೇಕಾದವುಗಳ ಪಟ್ಟಿಯಲ್ಲಿ ಕಚ್ಚಾ ರಸ್ತೆಗೆ ಗುರುತು ಹಾಕಿದೆ. ಆದರೂ ಮುಂದಿನ ವಾರ ಇನ್ನೊಂದು ಕಚ್ಚಾ ದಾರಿಯನ್ನು ತೋರಿಸಿತು. ಕಾರಣ ಹುಡುಕಿದಾಗ ತಿಳಿದದ್ದು, ಮೂಲ ದತ್ತಾಂಶದಲ್ಲಿ ಆ ರಸ್ತೆಯನ್ನು ಹಳ್ಳಿಯ ಸಾಮಾನ್ಯ ರಸ್ತೆ ಎಂದು ನಮೂದಿಸಿದ್ದರು, ಮೇಲ್ಮೈ ಏನೆಂದು ಬರೆದಿರಲಿಲ್ಲ. ಬರೆಯದಿದ್ದರೆ ಎಂಕೆಜಿಮ್ಯಾಪ್ ಅದನ್ನು ಡಾಂಬರು ಎಂದೇ ನಂಬುತ್ತದೆ. ಇದಕ್ಕೆ ಸೆಟ್ಟಿಂಗ್‌ನಲ್ಲಿ ಪರಿಹಾರವಿಲ್ಲ. ಓಪನ್ ಸ್ಟ್ರೀಟ್ ಮ್ಯಾಪ್‌ಗೆ ಹೋಗಿ ನಾನು ಕಂಡ ರಸ್ತೆಗಳಿಗೆ ಕಚ್ಚಾ ಎಂದು ನಾನೇ ನಮೂದಿಸಿದೆ, ಹೊಸ ದತ್ತಾಂಶ ಇಳಿಸಿ ನಕ್ಷೆ ಮತ್ತೆ ಕಟ್ಟಿದೆ. ಈಗ ಆ ದಾರಿ ತೋರಿಸುವುದಿಲ್ಲ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಉಪಯುಕ್ತವಾದ ರಿಪೇರಿ ಇದು, ಮತ್ತು ಇದಕ್ಕೆ ಸ್ಕ್ರೂ ಡ್ರೈವರ್ ಬೇಕಾಗಲಿಲ್ಲ. ಮಳೆಗಾಲದಲ್ಲಿ ಬೆಣ್ಣೆಹಳ್ಳದ ದಂಡೆಯ ಊರುಗಳ ಕಡೆ ಹೋಗುವುದಾದರೆ ಮಾತ್ರ ಯಾವ ನಕ್ಷೆಯನ್ನೂ ನಂಬದೆ ಹಳ್ಳ ಬಂದಿದೆಯೇ ಎಂದು ಮೊದಲು ಫೋನ್ ಮಾಡಿ ಕೇಳುತ್ತೇನೆ.

ದಾರಿಯ ದಾಖಲೆಯ ಬಗ್ಗೆ ಒಂದು ಲೆಕ್ಕ. ಸಾಧನ ಒಂದು ಟ್ರ್ಯಾಕ್‌ನಲ್ಲಿ 10,000 ಬಿಂದು ಹಿಡಿಯುತ್ತದೆ. ಸೆಕೆಂಡಿಗೊಂದರಂತೆ ಬರೆದರೆ 2 ಗಂಟೆ 46 ನಿಮಿಷಕ್ಕೆ ತುಂಬಿತು. ಬೈಕಿಗೆ 20 ಮೀಟರಿಗೊಂದು, ನಡಿಗೆಗೆ 5 ಮೀಟರಿಗೊಂದು ಸಾಕು. ತುಂಬಿದಾಗ ತಾನಾಗಿ ಸಂಗ್ರಹಿಸು ಎಂಬ ಆಯ್ಕೆಯನ್ನು ಹಚ್ಚಿಡಬೇಕು.

ಹಂತ 8: ಕಪ್ಪತಗುಡ್ಡ

ಗದಗದಿಂದ ಡೋಣಿಗೆ, ಅಲ್ಲಿಂದ ಮೇಲೆ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅನುಮತಿ ಪಡೆದು, ಬಿಟ್ಟ ದಾರಿಯಲ್ಲೇ ನಡೆಯಬೇಕು. ಚಿರತೆ, ಕತ್ತೆಕಿರುಬಗಳ ಮನೆ ಅದು.

ಮರಗಳು ಗಿಡ್ಡ, ಹುಲ್ಲು ಹೆಚ್ಚು, ಆಕಾಶ ವಿಶಾಲ. ಜಿಪಿಎಸ್‌ಗೆ ಇದಕ್ಕಿಂತ ಸುಲಭದ ಗುಡ್ಡ ಸಿಗದು. ಕಷ್ಟವಾದದ್ದು ಬೇರೆ. ಈ ಮಾದರಿಯಲ್ಲಿ ಆಯಸ್ಕಾಂತದ ದಿಕ್ಸೂಚಿ ಇಲ್ಲ. ಬಾಣ ಸರಿಯಾಗಿ ತೋರುವುದು ನಾವು ನಡೆಯುತ್ತಿದ್ದಾಗ ಮಾತ್ರ. ನಿಂತಲ್ಲೇ ತಿರುಗಿದರೆ ಅದು ಹಿಂದಿನ ದಿಕ್ಕನ್ನೇ ಹಿಡಿದು ಕೂರುತ್ತದೆ. ಕವಲಿನಲ್ಲಿ ನಿಂತು ಪರದೆ ನೋಡಿ ದಾರಿ ಆರಿಸಿದರೆ ಅರ್ಧದಷ್ಟು ಸಲ ತಪ್ಪು. ಒಂದು ದಾರಿಯಲ್ಲಿ ಮೂವತ್ತು ಹೆಜ್ಜೆ ನಡೆದು, ಬಾಣ ಕೂತ ಮೇಲೆ ತೀರ್ಮಾನಿಸಬೇಕು. ಜೇಬಿನಲ್ಲಿ ಒಂದು ಸಾದಾ ದಿಕ್ಸೂಚಿ ಇದ್ದರೆ ಈ ಸರ್ಕಸ್ ಬೇಡ.

ಎರಡನೆಯದು, ನಕ್ಷೆಯ ಕಾಲುದಾರಿ. ಡೋಣಿಯಲ್ಲಿ ಚಹಾ ಕುಡಿಯುವಾಗ ಪರದೆ ತೋರಿಸಿ "ಅಜ್ಜಾ, ಈ ದಾರಿ ಇದೆಯೇ?" ಎಂದು ಕೇಳಿದೆ. ಅವರು ಪರದೆ ನೋಡಲಿಲ್ಲ, ನಾನು ಕೈ ಮಾಡಿದ ದಿಕ್ಕನ್ನು ನೋಡಿದರು. "ಇತ್ತು. ಕೊರಕಲು ಬಿದ್ದು ಹೋಗಿದೆ. ಗುಡಿಯ ಕಡೆಯಿಂದ ಹೋಗು." ಕಪ್ಪತ ಮಲ್ಲೇಶ್ವರ ಗುಡಿಯ ಕಡೆಯಿಂದಲೇ ಹತ್ತಿದೆ. ಮೇಲಿನಿಂದ ನೋಡಿದಾಗ ಕೊರಕಲು ಕಂಡಿತು, ಮನುಷ್ಯನೊಬ್ಬ ಮುಳುಗುವಷ್ಟು ಆಳ.

ಬೈಕ್ ನಿಲ್ಲಿಸಿದ ಜಾಗ, ಪ್ರತಿ ಕವಲು, ನೀರಿನ ಜಾಗ, ಇವುಗಳಿಗೆ ಗುರುತು ಹಾಕುತ್ತ ಹೋದೆ. ಇಳಿಯುವಾಗ ಟ್ರ್ಯಾಕ್‌ಬ್ಯಾಕ್ ಹಚ್ಚಿದರೆ ಹತ್ತಿದ ಹೆಜ್ಜೆಯಲ್ಲೇ ಇಳಿಸುತ್ತದೆ. ದೂರದ ಗಾಳಿಯಂತ್ರಗಳು ಕಣ್ಣಿಗೆ ಒಳ್ಳೆಯ ಗುರುತು ಎನಿಸುತ್ತವೆ, ಆದರೆ ಎಲ್ಲವೂ ಒಂದೇ ಥರ. ಯಾವುದನ್ನು ನೋಡಿ ಹೊರಟೆನೆಂಬುದೇ ಮರೆತುಹೋಗುತ್ತದೆ.

ಇದನ್ನೆಲ್ಲ ಕೇಳಿದ ಗೆಳೆಯನೊಬ್ಬ, ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಹೊಸ ಸಾಧನವನ್ನೇ ಹೊರದೇಶದಿಂದ ತರಿಸಬಾರದೇ ಎಂದ. ಬೇಡ. ಬರೀ ಜಿಪಿಎಸ್ ಗ್ರಾಹಕ ಇಟ್ಟುಕೊಳ್ಳುವುದು ಒಂದು, ಉಪಗ್ರಹ ಸಂವಹನ ಸಾಧನ ಇನ್ನೊಂದು. ಎರಡನೆಯದನ್ನು ಭಾರತದಲ್ಲಿ ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ಗೋವಾ ವಿಮಾನ ನಿಲ್ದಾಣದಲ್ಲಿ ಅಂಥದ್ದನ್ನು ಚೀಲದಲ್ಲಿಟ್ಟುಕೊಂಡು ಬಂದ ವಿದೇಶಿ ಪ್ರವಾಸಿಗರು ಪೊಲೀಸರ ಕೈಗೆ ಸಿಕ್ಕಿದ ಉದಾಹರಣೆಗಳಿವೆ.

ಖರ್ಚು

ಚಾರ್ಜ್ ಮಾಡುವ ಸೆಲ್ ನಾಲ್ಕು 900 ರೂಪಾಯಿ, ಕಾರ್ಡು 350, ಆಲ್ಕೋಹಾಲ್ 120, ವಿನೆಗರ್ 40, ಎರಡುಬದಿ ಟೇಪು 150, ಪಟ್ಟಿ ಮತ್ತು ಬೋಲ್ಟು 90, ಲೇತ್ ಕೂಲಿ 100, ಮಾಡ್ಯೂಲ್ 90, ವೈರು ಮತ್ತು ಫ್ಯೂಸು 110, ಮಿನಿ ಯುಎಸ್‌ಬಿ ಕೇಬಲ್ಲು 150. ಒಟ್ಟು 2,100. ಮಿತಿಗಿಂತ ನೂರು ಹೆಚ್ಚು. ಕೆಲಸಕ್ಕೆ ಬಾರದ ಅಂಟುಗಳು ಮತ್ತು ಮೊದಲ ಕ್ಲಾಂಪುಗಳ 250 ರೂಪಾಯಿ ಇದರಲ್ಲಿ ಸೇರಿಲ್ಲ. ಸೆಲ್ ಚಾರ್ಜರ್ ಮನೆಯಲ್ಲೇ ಇತ್ತು.

ಬಾಕಿ

ಜಾಯ್‌ಸ್ಟಿಕ್ ಇನ್ನೂ ಸರಿಯಾಗಿಲ್ಲ. ಬಲಕ್ಕೆ ಒತ್ತಿದಾಗ ಕೆಳಗೆ ಹೋಗುವುದು ಈಗ ಕಡಿಮೆ, ಆದರೆ ಹೆಸರು ಟೈಪು ಮಾಡುವಾಗ ಹಲ್ಲು ಕಡಿಯುವಂತಾಗುತ್ತದೆ. ಹೊರಗಿನಿಂದ ಕಾಂಟ್ಯಾಕ್ಟ್ ಕ್ಲೀನರ್ ಹಾಕಿದ್ದು ಎರಡು ದಿನ ಗುಣ ಕೊಟ್ಟಿತು, ಮೂರನೆಯ ದಿನ ಮತ್ತೆ ಅದೇ ರಾಗ. ಒಳಗಿನ ಸ್ವಿಚ್ ಬದಲಿಸಬೇಕೆಂದರೆ ಕವಚ ಬಿಚ್ಚಬೇಕು, ಕವಚ ಬಿಚ್ಚಲು ರಬ್ಬರ್ ಪಟ್ಟಿ ಕಿತ್ತು ಮತ್ತೆ ಅಂಟಿಸಬೇಕು. ಅದಕ್ಕೆ ಸದ್ಯ ಮನಸ್ಸಿಲ್ಲ. ಅಲ್ಲಿಯವರೆಗೆ ಗುರುತುಗಳಿಗೆ ಹೆಸರು ಕೊಡುತ್ತಿಲ್ಲ; ಸಾಧನ ಕೊಡುವ 001, 002 ಎಂಬ ಅಂಕಿಯನ್ನೇ ಬಿಟ್ಟು, ಯಾವುದು ಏನೆಂದು ಜೇಬಿನ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದೇನೆ.